ಇಸ್ತ್ರಿಪೆಟ್ಟಿಗೆಯ ವೈರೂ ನನ್ನ ಲೈಸೆನ್ಸೂ

ಕಾರಿದ್ದವರ ಮನೆಯಲ್ಲಿ ಒಂದಲ್ಲ ಒಂದು ರಗಳೆ ಇದ್ದೇ ಇರುತ್ತೆ ಅಂತಾರೆ. ನಮ್ಮನೆಯಲ್ಲಿ ರಗಳೆ ಕಾರಿನಿಂದಲ್ಲ, ಕಾರು ರಿಪೇರಿ ಮಾಡೋ ಗಂಡನಿಂದ. ಎಪ್ಪತ್ತರ ದಶಕದ ಮಾತು. ದೇಶದ ರಾಜಧಾನಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದೆವು. ನನಗೆ ಓಖ್ಲಾ ಕಡೆಯ ಒಂದು ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತ್ತು, ಜುಲೈನಲ್ಲಿ ಸೇರಬೇಕು. ಎರಡು ಬಸ್ಸು ಬದಲಾಯಿಸಿ ಹೊತ್ತಿಗೆ ಸರಿಯಾಗಿ ತಲುಪೋದು ಆಗದ ಮಾತು. ಸ್ಕೂಟರಿನಲ್ಲಿ ಆಫೀಸಿಗೆ ಹೋಗುತ್ತಿದ್ದ ನಮ್ಮವರು, "ಲೈಸೆನ್ಸ್ ತಗೋ, ಕಾರು ನೀನೇ ಇಟ್ಕೋ" ಅಂದರು. ಎಂಥ ದೊಡ್ಡ ಮನಸ್ಸು! ಕಾರು ಸ್ಟಾರ್ಟೇ ಆಗುತ್ತಿರಲಿಲ್ಲ.

೧. ದಪ್ಪ ವೈರು

ಕೀ ತಿರುಗಿಸಿದರೆ ಬಾನೆಟ್ ಒಳಗಿಂದ ಬರೀ 'ಟಕ್' ಅಂತ ಸದ್ದು. "ಸೊಲೆನಾಯ್ಡ್" ಅಂದರು ನಮ್ಮವರು, ಡಾಕ್ಟರು ಕಾಯಿಲೆ ಹೆಸರು ಹೇಳೋ ಹಾಗೆ. ಭಾನುವಾರ ಬೆಳಿಗ್ಗೆ ಅದನ್ನ ಬಿಚ್ಚಿ ತಂದು ತಿಂಡಿ ತಟ್ಟೆಗಳ ಮಧ್ಯೆ ಇಟ್ಟರು. ಬ್ಯಾಟರಿಯಿಂದ ಅದಕ್ಕೆ ಬರೋ ಕೇಬಲ್ ಹಾಳಾಗಿದೆಯಂತೆ.

"ಮೆಕ್ಯಾನಿಕ್ಕನ್ನ ಕರೀರಿ."

"ನಾನು ಬಿ.ಎಸ್ಸಿ. ಫಿಸಿಕ್ಸ್ ಕಣೇ!"

ಮಧ್ಯಾಹ್ನ ಎಲ್ಲ ಜೋಡಿಸಿ ಕೀ ತಿರುಗಿಸಿದ್ದೇ ತಡ, ಬಾನೆಟ್ ಸಂದಿಯಿಂದ ದಟ್ಟ ಹೊಗೆ. ಎದುರು ಮಹಡಿಯ ಪಂಜಾಬಿ ಹೆಂಗಸು "ಆಗ್ ಲಗ್ ಗಯೀ!" ಅಂತ ಕಿರುಚಿಕೊಂಡರು. ಸದ್ಯ, ಬೆಂಕಿ ಹತ್ತಿರಲಿಲ್ಲ, ವೈರು ಮಾತ್ರ ಸುಟ್ಟಿತ್ತು. ಅದೆಲ್ಲಿಯ ವೈರು ಅಂತ ಕೇಳಿದರೆ ನಮ್ಮವರು ಬಾನೆಟ್ ಮುಚ್ಚಿ ಒಳಗೆ ಹೋದರು. ಸಂಜೆ ಬಟ್ಟೆ ಇಸ್ತ್ರಿ ಮಾಡೋಣ ಅಂತ ಪೆಟ್ಟಿಗೆ ತೆಗೆದೆ. ಪೆಟ್ಟಿಗೆ ಇತ್ತು, ಅದರ ವೈರಿರಲಿಲ್ಲ.

"ಮನೇಲಿದ್ದಿದ್ರಲ್ಲಿ ಅದೇ ದಪ್ಪ" ಅಂದರು. ಆ ವಾರ ಪೂರ್ತಿ ಸಾಹೇಬರು ಮುದುಡಿದ ಶರ್ಟಿನಲ್ಲೇ ಆಫೀಸಿಗೆ ಹೋದರು.

೨. ಸಾಹೇಬ ಮತ್ತು ಜವಾನ

ಕೆಳಗಿನ ಮನೆಯಲ್ಲಿ ಮಗನ ಜೊತೆ ಕೊಡಗಿನ ಸುಬೇದಾರ್ ಮಾವ ಇದ್ದರು. ಮಿಲಿಟರಿ ಲಾರಿಗಳ ರಿಪೇರಿಯಲ್ಲೇ ಜೀವ ಸವೆಸಿ ರಿಟೈರಾದವರು. ಸರಿಯಾದ ಕೇಬಲ್ ತಂದು ಹಾಕಿ, ನನ್ನನ್ನ ಹತ್ತಿರ ಕರೆದರು.

"ನೋಡಮ್ಮ, ಕೀ ಅಂದ್ರೆ ಸಾಹೇಬ. ಸಾಹೇಬ ಫೈಲು ಹೊರಲ್ಲ, ಗಂಟೆ ಬಾರಿಸ್ತಾನೆ, ಅಷ್ಟೆ. ಅದಕ್ಕೆ ಈ ತೆಳು ವೈರು ಸಾಕು. ಗಂಟೆ ಕೇಳಿ ಭಾರ ಹೊರೋ ಜವಾನ ಈ ಸೊಲೆನಾಯ್ಡು. ಬ್ಯಾಟರಿ ಕರೆಂಟನ್ನೆಲ್ಲ ಸ್ಟಾರ್ಟರಿಗೆ ದಾಟಿಸೋನು ಇವನೇ. ಇವನಿಗೆ ದಪ್ಪ ಕೇಬಲ್ಲೇ ಬೇಕು. ಸಾಹೇಬ ಕೈಕೊಟ್ಟರೆ ಜವಾನನ ಮೇಲಿರೋ ಈ ರಬ್ಬರ್ ಗುಂಡಿ ಒತ್ತು, ಇಂಜಿನ್ ತಿರುಗುತ್ತೆ. ಆದರೆ ಗೇರ್ ನೋಡ್ಕೊಂಡು ಒತ್ತಮ್ಮ."

ನನಗೆ ಒಂದೇ ಸಲಕ್ಕೆ ಅರ್ಥವಾಯಿತು. ಸೆಕ್ಷನ್ ಆಫೀಸರಾದ ನಮ್ಮವರಿಗೆ ಮಾತ್ರ ಉರಿದುಹೋಯಿತು. "ಜವಾನ ಇಲ್ಲದಿದ್ರೂ ಆಫೀಸು ನಡೆಯುತ್ತೆ!" ಮರುದಿನ ಸಂಜೆ ಒಳಗೆ ಕಾಲಿಡುತ್ತಲೇ, "ಮೊದಲು ಟೀ ಕೊಡೇ, ಬೆಳಿಗ್ಗೆಯಿಂದ ಒಂದು ತೊಟ್ಟೂ ಇಲ್ಲ" ಅಂದರು. ಜವಾನ ರಜೆಯಂತೆ.

೩. ನನ್ನದೂ ಒತ್ತಿ

ದಪ್ಪ ಕೇಬಲ್ ಸರಿಹೋಯಿತು. ತೆಳು ವೈರನ್ನ ನಮ್ಮವರು ದಿನಾ 'ಟೈಟ್' ಮಾಡುತ್ತಿದ್ದರಿಂದ ಅದು ದಿನಾ ಕಳಚುತ್ತಿತ್ತು. ಹ್ಯಾಂಡ್‌ಬ್ರೇಕೂ ಹಿಡಿಯದೆ ಕಾರನ್ನ ಯಾವಾಗಲೂ ಫಸ್ಟ್ ಗೇರಿನಲ್ಲೇ ನಿಲ್ಲಿಸೋದು. ಹಾಗಾಗಿ ನಾನು ಕಾರು ಕಲಿಯೋಕೆ ಹೊರಟಾಗಲೆಲ್ಲ ಇವರು ಒಳಗೆ ಕ್ಲಚ್ ತುಳಿದು ಕೂರುವುದು, ನಾನು ಸೆರಗು ಸಿಕ್ಕಿಸಿ ಬಾನೆಟ್ಟಿನೊಳಗೆ ಕೈ ಹಾಕಿ ಗುಂಡಿ ಒತ್ತುವುದು. ನನ್ನ ಕೀರ್ತಿ ಹಬ್ಬಿತು. ಒಂದು ಚಳಿಯ ಬೆಳಿಗ್ಗೆ ಎದುರು ಮಹಡಿಯಿಂದ, "ಬೆಹೆನ್‌ಜೀ, ಜರಾ ಹಮಾರೀ ಭೀ ದಬಾ ದೋ!" ಅಂತ ಕೂಗು ಬಂತು. ಹೋಗಿ ಅವರ ಕಾರಿನ ಗುಂಡಿಯನ್ನೂ ಒತ್ತಿ ಬಂದೆ. ಮರುದಿನ ಮತ್ತಿಬ್ಬರು ಕರೆದರು. ಬ್ಲಾಕಿನ ಸಾಹೇಬರಿಗೆಲ್ಲ ನಾನೊಬ್ಬಳೇ ಜವಾನ!

೪. ಟೆಸ್ಟು

ಡ್ರೈವಿಂಗ್ ಟೆಸ್ಟಿಗೆ ಎರಡು ಸಲ ಹೋಗಿ, ಕಾರು ಅಲ್ಲಿ ಸ್ಟಾರ್ಟಾಗದೆ, ಗುಂಡಿ ಒತ್ತೋಕೆ ಇಳಿಯುವಷ್ಟರಲ್ಲಿ ಮುಂದಿನವರನ್ನ ಕರೆದುಬಿಟ್ಟದ್ದರಿಂದ, ಎರಡು ಸಲವೂ ಫೇಲಾದೆ. ಮೂರನೆಯದು ಜೂನ್ ಕೊನೆಗೆ. ಇದೂ ಹೋದರೆ ಕೆಲಸವೂ ಹೋಯಿತು. ಹೊರಡುವ ಮುಂಚೆ ನಮ್ಮವರು ಸ್ಕ್ರೂಡ್ರೈವರ್ ಒರೆಸಿಕೊಳ್ಳುತ್ತಾ, "ಆ ವೈರನ್ನ ಚೆನ್ನಾಗಿ ಟೈಟ್ ಮಾಡಿದೀನಿ, ನಿಶ್ಚಿಂತೆಯಿಂದ ಹೋಗು" ಅಂದರು. ನಾನು ನೆಟ್ಟಗೆ ಹೋಗಿ ಸುಬೇದಾರ್ ಮಾವನ ಬಾಗಿಲು ತಟ್ಟಿದೆ.

ಸುಬೇದಾರ್ ಮಾವ ಜೊತೆಗೆ ಬಂದು ಮೈದಾನದ ಅಂಚಿನಲ್ಲಿ ಕೂತರು. ಇನ್‌ಸ್ಪೆಕ್ಟರು ನನ್ನ ಪಕ್ಕದ ಸೀಟಿನಲ್ಲಿ ಕೂತು, "ಚಲೋ" ಅಂದರು. ಕ್ಲಚ್ ತುಳಿದು ಕೀ ತಿರುಗಿಸಿದೆ. 'ಟಕ್' ಕೂಡ ಇಲ್ಲ!

"ಒಂದು ನಿಮಿಷ ಸರ್" ಅಂತ ಇಳಿದು, ಬಾನೆಟ್ ಎತ್ತಿ, ಪಕ್ಕದಲ್ಲಿ ನಿಂತು ಗುಂಡಿ ಒತ್ತಿದೆ. ಕ್ಲಚ್ ತುಳಿಯೋಕೆ ಒಳಗೆ ನಮ್ಮವರಿಲ್ಲ ಅನ್ನೋದು ಹೊಳೆದದ್ದು ಆಮೇಲೆ. ಕಾರು ಒಮ್ಮೆ ಜಿಗಿದು, ಸ್ಟಾರ್ಟಾಗಿ, ಇನ್‌ಸ್ಪೆಕ್ಟರನ್ನ ಕೂರಿಸಿಕೊಂಡು ಹೊರಟೇಬಿಟ್ಟಿತು. ಎತ್ತಿದ ಬಾನೆಟ್ಟಿನಿಂದ ಅವರಿಗೆ ಮುಂದೇನೂ ಕಾಣದು. "ಅರೇ! ರೋಕೋ! ರೋಕೋ!"

"ಗೇರ್ ನೋಡಿದ್ಯೇನಮ್ಮಾ?" ಅಂತ ಸುಬೇದಾರ್ ಮಾವ ಆ ತುದಿಯಿಂದ ಕೂಗಿದರು.

ಚಪ್ಪಲಿ ಬಿಟ್ಟು ಓಡಿದೆ. ಚಹಾದ ಭಯ್ಯಾ ಕೆಟಲ್ ಹಿಡಿದು ಅಂಗಡಿಯಿಂದ ಹೊರಗೆ ಹಾರಿದ. ಬಾಗಿಲು ತೆಗೆದು, ನುಗ್ಗಿ ಕೂತು, ಬ್ರೇಕ್ ತುಳಿದೆ. ಅವನ ಬೆಂಚಿಗೂ ಕಾರಿಗೂ ಮಧ್ಯೆ ಒಂದು ಗೇಣಿತ್ತು.

ಇನ್‌ಸ್ಪೆಕ್ಟರು ಬೆವರೊರೆಸಿಕೊಂಡು, ಒಂದು ಚಹಾ ಕುಡಿದು, ನನ್ನಿಂದ ಎಂಟು ಹಾಕಿಸಿ, ರಿವರ್ಸೂ ಮಾಡಿಸಿದರು. ನಾನು ಒಂದೂ ತಪ್ಪು ಮಾಡಲಿಲ್ಲ.

"ಈ ವೈರಿಂಗ್ ಮಾಡಿದ್ಯಾರು?" ಅಂತ ಕೇಳಿದರು.

"ನಮ್ಮ ಯಜಮಾನರು, ಸರ್."

ಕಾಗದಕ್ಕೆ ಸಹಿ ಹಾಕಿದರು. "ನೀವು ಪಾಸ್. ಲೈಸೆನ್ಸ್ ತಗೊಳ್ಳೋಕೆ ಬರುವಾಗ ನಿಮ್ಮ ಯಜಮಾನರದ್ದನ್ನೂ ತನ್ನಿ. ಅದನ್ನ ರದ್ದು ಮಾಡ್ತೀನಿ."

ಮನೆಗೆ ಬಂದು ಖುಷಿಯಲ್ಲಿ ಕುಣಿಯುತ್ತಾ ಅಕ್ಷರಕ್ಷರ ಒಪ್ಪಿಸಿದೆ. ನಮ್ಮವರು ಸ್ಕ್ರೂಡ್ರೈವರ್ ಕೆಳಗಿಡದೆ ಕೇಳಿದರು: "ಅವನೇನು ಬಿ.ಎಸ್ಸಿ. ಫಿಸಿಕ್ಸಾ?"