ಸುಂಕ ಇಳಿದರೂ ಇಳಿಯದ ಅನುಮಾನ

ಎರಡು ದೇಶದ ಮಂತ್ರಿಗಳು ಕೈಕುಲುಕಿ ಫೋಟೊ ತೆಗೆಸಿಕೊಂಡರೆ ಸಾಕು, ಮಾರನೇ ಬೆಳಿಗ್ಗೆ ಬನಶಂಕರಿಯ ನಮ್ಮ ರಸ್ತೆಯಲ್ಲಿ ನನ್ನ ವಿಚಾರಣೆ ಶುರು. ನಾನು ಬಿಟಿಎಂ ಬಡಾವಣೆಯ ಪುಟ್ಟ ಆಫೀಸೊಂದರಲ್ಲಿ ಆಮದು-ರಫ್ತಿನ ಕಾಗದಪತ್ರ ತಯಾರಿಸುವವಳು. ಆ ಮುಕ್ತ ವ್ಯಾಪಾರ ಒಪ್ಪಂದಗಳನ್ನೆಲ್ಲ ನಾನೇ ಮನೆಯಲ್ಲಿ ಕೂತು ಬರೆದೆನೇನೋ ಎಂಬಂತೆ ಎಲ್ಲರೂ ನನ್ನನ್ನೇ ಅನುಮಾನದಿಂದ ನೋಡುತ್ತಾರೆ.

೧. ಕಾರಿಗೆ ಕಾದವರು

ಎದುರುಮನೆ ಅಂಕಲ್ ಬ್ಯಾಂಕಿನಿಂದ ನಿವೃತ್ತರು. ವಿದೇಶಿ ಕಾರಿನ ಸುಂಕ ಇಳಿಯುತ್ತದೆ ಅಂತ ಪೇಪರಲ್ಲಿ ಓದಿ, ಬುಕ್ ಮಾಡಿದ್ದ ಕಾರನ್ನೇ ಕ್ಯಾನ್ಸಲ್ ಮಾಡಿಬಿಟ್ಟರು. ಆಮೇಲೆ ನನ್ನನ್ನು ಗೇಟಿನ ಹತ್ತಿರ ತಡೆದು, "ಯಾವಾಗಮ್ಮ ಇಳಿಯೋದು? ನಿಜ ಹೇಳು," ಅಂದರು.

"ಒಂದೇ ಸಲ ಇಳಿಯಲ್ಲ ಅಂಕಲ್. ವರ್ಷ ವರ್ಷ ಸ್ವಲ್ಪ ಸ್ವಲ್ಪ. ಪೂರ್ತಿ ಇಳಿಯೋಕೆ ಹತ್ತು ವರ್ಷ ಆಗ್ಬಹುದು."

ಅವರಿಗೆ ಆಗಲೇ ಎಪ್ಪತ್ತನಾಲ್ಕು. ಮುಖ ಗಂಟಿಕ್ಕಿಕೊಂಡರು.

"ನನ್ನಂಥೋರನ್ನ ನೋಡೇ ಮಾಡಿರೋ ಒಪ್ಪಂದ ಇದು! ಹತ್ತು ವರ್ಷ ಆದ್ಮೇಲೆ ಕಾರು ಫ್ರೀಯಾಗಿ ಕೊಟ್ರೂ ನನ್ನ ಮಗಳು ಕೀ ಕೊಡಲ್ಲ."

೨. ಸೇಬಿನ ತನಿಖೆ

ನಮ್ಮ ಅತ್ತೆ ಹಣ್ಣು ಕೊಳ್ಳುವುದೆಂದರೆ ಪೊಲೀಸ್ ತನಿಖೆಯೇ. ಒಂದಿನ ಜಯನಗರದ ಮಾರ್ಕೆಟ್ಟಿನಲ್ಲಿ ಸ್ಟಿಕರ್ ಅಂಟಿಸಿದ ವಿದೇಶಿ ಸೇಬು ಶಿಮ್ಲಾ ಸೇಬಿಗಿಂತ ಅಗ್ಗವಾಗಿತ್ತು.

"ಸಮುದ್ರ ದಾಟಿ ಬಂದಿದ್ದು ಹೇಗಪ್ಪ ಅಗ್ಗ?"

"ಏನೋ ಅಗ್ರಿಮೆಂಟ್ ಆಗಿದ್ಯಂತೆ ಅಮ್ಮ. ಟ್ಯಾಕ್ಸ್ ಕಮ್ಮಿ."

"ಅವರಿಗೇನು ನಮ್ಮ ಮೇಲೆ ಅಷ್ಟು ಪ್ರೀತಿ? ಏನೋ ಸವರಿ ಕಳ್ಸಿರ್ತಾರೆ. ಎಲ್ಲಿ, ಮೊದಲು ನೀನು ತಿನ್ನು."

ವ್ಯಾಪಾರಿ ಪಾಪ, ಒಂದು ಸೇಬು ಒರೆಸಿ ಸಿಪ್ಪೆ ಸಮೇತ ತಿಂದ. ಅತ್ತೆ ಎರಡು ನಿಮಿಷ ಅವನ ಮುಖವನ್ನೇ ನೋಡುತ್ತ ನಿಂತರು. ಅವನಿಗೆ ಏನೂ ಆಗಲಿಲ್ಲ.

"ನಿನಗೆ ಅಭ್ಯಾಸ ಆಗೋಗಿದೆ ಬಿಡು," ಅಂತ ಹೇಳಿ ಬಾಳೆಹಣ್ಣು ತಗೊಂಡು ಬಂದರು.

೩. ಸೋತವರು ಯಾರು?

ನಮ್ಮ ಆಫೀಸಿನಲ್ಲಿ ಧಾರವಾಡ ಕಡೆಯ ಸಹೋದ್ಯೋಗಿಯೊಬ್ಬರಿದ್ದಾರೆ. ಊಟದ ಡಬ್ಬಿ ತೆರೆಯುತ್ತ ಕೇಳಿದರು: "ನಮ್ಮವ್ರು ಗೆದ್ದೀವಿ ಅಂತಾರ, ಆ ದೇಶದವ್ರೂ ಗೆದ್ದೀವಿ ಅಂತಾರ. ಇಬ್ಬರೂ ಗೆದ್ರ ಸೋತವ್ರು ಯಾರ್ರೀ ಮೇಡಂ?"

"ಬಟ್ಟೆ ಕಳಿಸೋರಿಗೆ ಒಳ್ಳೇದಾಗುತ್ತೆ. ಹಣ್ಣು ಬೆಳೆದು ಇಲ್ಲೇ ಮಾರೋರಿಗೆ ಕಷ್ಟ ಆಗ್ಬಹುದು," ಅಂದೆ.

"ಅಂದ್ರ, ಸೋತವ್ರು ಫೋಟೊದಾಗ ಇಲ್ಲ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಬಾಸ್ ಗಡಿಯಾರ ನೋಡಿದರು. "ಅದನ್ನೆಲ್ಲ ಸಂಜೆ ಸಿಲ್ಕ್ ಬೋರ್ಡ್ ಸಿಗ್ನಲ್ಲಲ್ಲಿ ಯೋಚನೆ ಮಾಡಿ, ಬೇಕಾದಷ್ಟು ಟೈಮ್ ಸಿಗುತ್ತೆ. ಈಗ ಫೈಲ್ ಮುಗ್ಸಿ."

೪. ಊದುಬತ್ತಿಯ ಊರು

ನಮ್ಮ ಪಕ್ಕದ ಇಟ್ಟಮಡುವಿನ ಅಕ್ಕ ಒಬ್ಬರು ಊದುಬತ್ತಿ ಮಾಡಿಸುತ್ತಾರೆ. ಹನ್ನೆರಡು ಹೆಂಗಸರಿಗೆ ಅದೇ ಕೆಲಸ. ಒಪ್ಪಂದವಾದ ದೇಶದಿಂದ ಅವರಿಗೆ ಮೊದಲ ಸಲ ದೊಡ್ಡ ಆರ್ಡರ್ ಬಂತು. ಸುಂಕವಿಲ್ಲದೆ ಹೋಗಬೇಕಾದರೆ ಮಾಲು ನಮ್ಮ ದೇಶದ್ದೇ ಅಂತ ಸಾಬೀತು ಮಾಡಬೇಕು. ಆಗದಿದ್ದರೆ ಆರ್ಡರ್ ಕೈತಪ್ಪುತ್ತದೆ. ನೋಡಿ ವರದಿ ಕೊಡಲು ಒಬ್ಬ ಅಧಿಕಾರಿ ಬಂದರು. ನಾನು ಫೈಲು ಹಿಡಿದು ಪಕ್ಕದಲ್ಲೇ ಇದ್ದೆ.

"ಕಡ್ಡಿ ಎಲ್ಲಿಯದು?"

"ಹೊರದೇಶದ್ದು ಸಾರ್."

"ಸೆಂಟು?"

"ಅದೂ ಹೊರಗಿನದೇ."

"ಡಬ್ಬಿ ಮೇಲಿರೋ ದೇವರಾದ್ರೂ ನಮ್ಮೋನಾ?"

"ದೇವರು ನಮ್ಮೋನೇ ಸಾರ್. ಪೇಪರ್ ಹೊರಗಿನದು."

ಅಧಿಕಾರಿ ಕನ್ನಡಕ ತೆಗೆದರು. "ಮತ್ತೆ ನಮ್ಮ ದೇಶದ್ದು ಅಂತ ಏನಮ್ಮ ಬರೀಲಿ?"

ಹೊಸೆಯುತ್ತಿದ್ದ ಹೆಂಗಸರ ಕೈಗಳೆಲ್ಲ ನಿಂತವು. ನಾನು ಫೈಲು ಬಿಚ್ಚಿ, ಪುಡಿ ಕಲೆಸೋದು, ಹೊಸೆಯೋದು, ಒಣಗಿಸೋದು, ಸೆಂಟಲ್ಲಿ ಅದ್ದೋದು ಎಲ್ಲ ಇಲ್ಲೇ, ನಿಯಮಕ್ಕೆ ಅಷ್ಟು ಸಾಕು ಅಂತ ಒಂದೊಂದೇ ತೋರಿಸಿದೆ. ಅವರು ಪ್ರತಿ ಹಾಳೆಯನ್ನೂ ಎರಡೆರಡು ಸಲ ಓದಿದರು, ಬೆಳಕಿಗೆ ಹಿಡಿದೂ ನೋಡಿದರು. ಕೊನೆಗೆ ಸಹಿ ಹಾಕಿ ವರದಿಯನ್ನು ನನ್ನ ಕೈಗಿಟ್ಟರು. ಹನ್ನೆರಡು ಜನರೂ ಒಟ್ಟಿಗೆ ಉಸಿರು ಬಿಟ್ಟರು.

ಅಕ್ಕನಿಗೆ ಖುಷಿ ತಡೆಯಲಾಗಲಿಲ್ಲ. ಒಂದು ಕಡ್ಡಿ ಹಚ್ಚಿ ಅಧಿಕಾರಿಯ ಮುಂದೆ ಹಿಡಿದು, "ಏನೇ ಹೇಳಿ ಸಾರ್, ಹೊಗೆ ಮಾತ್ರ ನೂರಕ್ಕೆ ನೂರು ನಮ್ದೇ!" ಅಂದುಬಿಟ್ಟರು.

ಅಧಿಕಾರಿ ಹೊಗೆಯನ್ನು ನೋಡಿದರು, ಅಕ್ಕನನ್ನು ನೋಡಿದರು. ಮತ್ತೆ ಕನ್ನಡಕ ಹಾಕಿಕೊಂಡು ನನ್ನತ್ತ ಕೈ ಚಾಚಿದರು.

"ಆ ವರದಿ ಒಂಚೂರು ಇಲ್ಲಿ ಕೊಡಿ. ಹೊಗೆ ಬರೋದು ಅವರ ದೇಶದಲ್ಲಿ ಅಲ್ವೇನ್ರೀ?"

ಅವರ ಮಾತು ಮುಗಿಯುವಷ್ಟರಲ್ಲಿ ನಾನು ಫೈಲು ಸಮೇತ ಆಟೋ ಹತ್ತಿಯಾಗಿತ್ತು.