ಬಾಮೈದರಿಲ್ಲದ ಲೀಗು

ತೊಂಬತ್ತೆಂಟರ ದೀಪಾವಳಿಯ ಹಿಂದಿನ ದಿನ, ಹೊಸದುರ್ಗದ ಕಬಡ್ಡಿ ಪಂದ್ಯಾವಳಿಯಲ್ಲಿ ಚೀಟಿ ಎತ್ತಿದಾಗ ಲಕ್ಷ್ಮೀಕಾಂತನ ಪಟ್ಟಣದ ತಂಡಕ್ಕೆ ಮೊದಲ ಆಟವೇ ಮತ್ತೋಡಿನ ಮೇಲೆ ಬಿತ್ತು. ಮತ್ತೋಡೆಂದರೆ ಅವನ ಹೆಂಡತಿಯ ತವರು. ಆ ತಂಡದಲ್ಲಿದ್ದವರು ಕುರಿ ಸಾಕುವ ಅವನ ಬಾಮೈದರು, ಕೆಂಚಣ್ಣ ಮತ್ತು ಕರಿಸಿದ್ದಪ್ಪ.

ಪಾಪ, ಸೋಲುವುದು ಅವನಿಗೆ ರೂಢಿಯಾಗಿತ್ತು. ಸೋತ ಮರುದಿನ ಅತ್ತೆಮನೆಯ ಹಬ್ಬದೂಟಕ್ಕೆ ಕೂರುವುದೇ ಕಷ್ಟ. ಹೋದ ವರ್ಷ ಕೆಂಚಣ್ಣ, ಭಾವನನ್ನು ಕಾಲು ಹಿಡಿದು ಕೆಡವಿದ್ದು ಹೇಗೆಂದು ನೆಂಟರಿಗೆಲ್ಲ ತೋರಿಸಿದ್ದ. ತೋರಿಸಲು ಹಿಡಿದದ್ದು ಹೋಳಿಗೆ ತಿನ್ನುತ್ತಿದ್ದ ಭಾವನ ಕಾಲನ್ನೇ.

ಈ ಸಲ ಚೀಟಿ ಹಿಡಿದು ನಿಂತಿದ್ದವನ ಕಣ್ಣಿಗೆ ಒಂದು ಹಾಳಾದ ಪೇಪರು ಬಿತ್ತು. ಅದನ್ನೆತ್ತಿ ಉಳಿದ ನಾಯಕರಿಗೆ ತೋರಿಸಿದ.

"ನೋಡ್ರಪ್ಪ, ಯೂರೋಪಿನಾಗೆ ದೊಡ್ಡ ಫುಟ್‌ಬಾಲ್ ಕ್ಲಬ್ಬುಗಳೆಲ್ಲ ಬ್ಯಾರೆ ಲೀಗ್ ಮಾಡ್ಕಂತಾವಂತೆ. ದೊಡ್ಡೋರ ಜೊತೆ ದೊಡ್ಡೋರೇ ಆಡೋದು. ನಾವು ಪಟ್ಟಣದೋರೂ ಹಂಗೇ ಮಾಡಾಣ."

ಪಂದ್ಯಾವಳಿಯ ಅಧ್ಯಕ್ಷ ಮುರುಗೇಶಪ್ಪನವರಿಗೆ ಸಿಟ್ಟು ಬಂತು. "ಸಣ್ಣೋರು ದೊಡ್ಡೋರನ್ನ ಕೆಡವೋದು ನೋಡಾಕೇ ಕಣಪ್ಪ ಜನ ಬರೋದು!"

"ಯೂರೋಪಿನೋರಿಗೆ ಅಷ್ಟೂ ಬುದ್ಧಿ ಇಲ್ವೇನ್ರಿ?"

ಯೂರೋಪಿನ ಬುದ್ಧಿಯ ಬಗ್ಗೆ ಮುರುಗೇಶಪ್ಪನವರಿಗೆ ಅಷ್ಟಾಗಿ ಗೊತ್ತಿರಲಿಲ್ಲ. ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆಯ ನಾಯಕರಿಗೆ ಮಾತ್ರ ಮಾತು ಹಿಡಿಸಿತು. ಹಳ್ಳಿ ತಂಡಗಳ ಕೈಲಿ ಅವರೂ ಮಣ್ಣು ಮುಕ್ಕಿದವರೇ. ಲಕ್ಷ್ಮೀಕಾಂತನದೂ ಸೇರಿ ನಾಲ್ಕೂ ಪಟ್ಟಣದ ತಂಡಗಳು ಮೈದಾನದ ಆಚೆ ಬದಿಗೆ ಹೋಗಿ ಬೇರೆ ಸುಣ್ಣದ ಗೆರೆ ಎಳೆದುಕೊಂಡವು.

ಎದುರಾಳಿ ಇಲ್ಲದ ಮತ್ತೋಡಿನವರು ಆಡದೇ ಗೆದ್ದರು. ಮುಂದಿನ ಆಟ ಸಂಜೆ ಲೈಟು ಹಾಕಿದ ಮೇಲೆ ಎಂದು ಹುಣಸೆಮರದ ಕೆಳಗೆ ಕುಳಿತರು. ಲಕ್ಷ್ಮೀಕಾಂತ ಬಾಮೈದರ ಕಡೆ ಧಾರಾಳವಾಗಿ ಕೈ ಬೀಸಿದ. ಎಷ್ಟೋ ವರ್ಷಗಳ ಮೇಲೆ ಅವನಿಗೆ ಹೋಳಿಗೆಯ ನೆನಪಾಗಿ ಬಾಯಲ್ಲಿ ನೀರೂರಿತು.

ಹೊಸ ಲೀಗಿನಲ್ಲಿ ಅವನ ಮೊದಲ ಆಟ ಹಿರಿಯೂರಿನ ಮೇಲೆ. ಅಂಕಣಕ್ಕಿಳಿದು ನೋಡುತ್ತಾನೆ, ಹಿರಿಯೂರಿನ ನೀಲಿ ಬನಿಯನ್ ತೊಟ್ಟು ಕೆಂಚಣ್ಣ ತೊಡೆ ತಟ್ಟುತ್ತಿದ್ದಾನೆ! ಪಕ್ಕದಲ್ಲೇ ಕರಿಸಿದ್ದಪ್ಪ.

"ಏಯ್, ಇವ್ರು ಹಳ್ಳಿಯೋರು ಕಣ್ರಿ!"

ಹಿರಿಯೂರಿನ ನಾಯಕ ಮಾರುತೇಶ್ ಸಮಾಧಾನವಾಗಿ ಹೇಳಿದ: "ಹಳ್ಳಿ ತಂಡ ಬ್ಯಾಡ ಅಂದ್ರಿ, ತಂದಿಲ್ಲ. ಇವ್ರು ಸುಮ್ನೆ ಕುಂತಿದ್ರು, ಕರ್ಕಂಡ್ವಿ. ಯೂರೋಪಿನಾಗೂ ದೊಡ್ಡ ಕ್ಲಬ್ಬುಗಳು ಸಣ್ಣೋರ ಆಟಗಾರರನ್ನ ಹಿಂಗೇ ಎತ್ಕಂಡು ಹೋಗ್ತಾವಂತೆ. ನಿಮ್ ಪೇಪರ್‌ನಾಗೇ ಐತಲ್ರಿ."

ಕೆಂಚಣ್ಣ ಕಾಲು ಹಿಡಿದ. ಆಟ ಮುಗಿಯಿತು.

ಇದನ್ನು ನೋಡಿದ ಹೊಳಲ್ಕೆರೆಯವರು ಸುಮ್ಮನಿರುತ್ತಾರೆಯೇ? ಮಧ್ಯಾಹ್ನದ ಆಟಕ್ಕೆ ಅಣ್ಣತಮ್ಮಂದಿರು ಹೊಳಲ್ಕೆರೆಯ ಕೆಂಪು ಬನಿಯನ್‌ನಲ್ಲಿದ್ದರು. ಬಿಸಿಲು ಇಳಿಯುವ ಹೊತ್ತಿಗೆ ಚಿತ್ರದುರ್ಗದ ಹಳದಿಯಲ್ಲಿ. ಹಳ್ಳಿ ಆಟ ನೋಡುತ್ತಿದ್ದ ಜನವೆಲ್ಲ ಈ ಕಡೆಗೇ ಬಂದು ನಿಂತಿತು.

"ನಿಮಗೆ ಸುಸ್ತಾಗಲ್ವೇನ್ರೋ?" ಮೂರನೆಯ ಸಲ ಮಣ್ಣಿನಿಂದ ಏಳುತ್ತ ಲಕ್ಷ್ಮೀಕಾಂತ ಕೇಳಿದ.

"ಎಂಥ ಸುಸ್ತು ಭಾವ, ನಿಮ್ ಕಾಲು ರೂಢಿ ಆಗೈತೆ," ಎಂದ ಕೆಂಚಣ್ಣ ಪ್ರೀತಿಯಿಂದ.

ಕುಂಟುತ್ತ ಮನೆಗೆ ಬಂದವನು ಹೆಂಡತಿಯ ಮುಖ ನೋಡದೆ ಹೇಳಿದ: "ಮೈಗೆ ಹುಷಾರಿಲ್ಲ ಯಶೋದಾ. ನಾಳೆ ರಾತ್ರಿ ಊಟಕ್ಕೆ ನಾ ಬರಂಗಿಲ್ಲ."

"ರಾತ್ರಿ ಊಟಕ್ಕೆ ಬ್ಯಾಡ ಬಿಡ್ರಿ," ಎಂದಳು ಯಶೋದಾ ಸೀರೆ ಮಡಚುತ್ತ. "ಬೆಳಿಗ್ಗೆ ತಿಂಡಿಗೇ ಬರ್ಬೇಕಂತೆ. ಮೂರೂ ಆಟ ತೋರ್ಸಾಕೆ ಒಂದು ಊಟ ಸಾಲಲ್ಲ ಅಂತ ಅವ್ವ ಹೇಳಿ ಕಳ್ಸೈತೆ."