ಹದಿನಾರು ದನಿಯ ಪೆಟ್ಟಿಗೆ

ಹಾರ್ಮೋನಿಯಂ ನುಡಿಸುವವರು ಸಿಗಲಿಲ್ಲವೆಂದು ನನ್ನ ಹೆಂಡತಿ ಸುಲಭಾ ಹಾಡುವುದನ್ನೇ ಬಿಟ್ಟುಬಿಡಲು ಹೊರಟಾಗ ನಾನು ಎದೆಯುಬ್ಬಿಸಿ ಹೇಳಿದೆ: "ಹಾರ್ಮೋನಿಯಂ ಯಾಕ ಬೇಕು? ನಾ ಇದ್ದೇನಲ್ಲ!"

ಆ ಗಳಿಗೆಯಲ್ಲಿ ನನ್ನ ಸಂಗೀತ ಭಂಡಾರದಲ್ಲಿ ಇದ್ದದ್ದು ಕಾಲೇಜು ದಿನಗಳ ಒಂದು ಎಲೆಕ್ಟ್ರಿಕ್ ಗಿಟಾರು, ಸ್ಟೂಲಿನಷ್ಟು ಎತ್ತರದ ಒಂದು ಹಳೆಯ ಆಂಪ್ಲಿಫೈಯರು ಮತ್ತು ಅಪಾರ ಆತ್ಮವಿಶ್ವಾಸ. ಮೂರರಲ್ಲಿ ಮೂರನೆಯದು ಮಾತ್ರ ಸುಸ್ಥಿತಿಯಲ್ಲಿತ್ತು.

ಇದು ಹಳೇ ಬಾಗಲಕೋಟೆಯ ನಮ್ಮ ಓಣಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ, ನಾವೆಲ್ಲ ನವನಗರದ ಸೆಕ್ಟರುಗಳಿಗೆ ಬಂದ ಮೇಲಿನ ಮಾತು. ಓಣಿಯಲ್ಲಿದ್ದಾಗ ಹೆಂಗಸರದೊಂದು ಭಜನಾ ಮಂಡಳಿ ಇತ್ತು. ಗುಡಿಯ ಕಟ್ಟೆಯ ಮೇಲೆ ಸುಲಭಾ ದಾಸರ ಪದ ಎತ್ತಿಕೊಂಡಳೆಂದರೆ ಬಟ್ಟೆ ತೊಳೆಯಲು ಹೊರಟವರೂ ಬುಟ್ಟಿ ಇಳಿಸಿ ನಿಲ್ಲುತ್ತಿದ್ದರು. ನವನಗರಕ್ಕೆ ಬಂದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಸೆಕ್ಟರಿನಲ್ಲಿ ಮನೆ ಸಿಕ್ಕಿತು. ಮಂಡಳಿ ಚೆದುರಿಹೋಯಿತು. ಸುಲಭಾ ನಾಲ್ಕು ಜನರ ಮುಂದೆ ಬಾಯಿ ತೆರೆಯುವುದನ್ನೇ ನಿಲ್ಲಿಸಿದಳು. ಈಗ ಅದೇ ಹೆಂಗಸರು ಹೇಗೋ ಒಬ್ಬರನ್ನೊಬ್ಬರು ಹುಡುಕಿ ಹಿಡಿದು, ವಿದ್ಯಾಗಿರಿಯ ಒಂದು ಸಭಾಭವನದಲ್ಲಿ ಮುಂದಿನ ವಾರ ಒಂದು ಸಂಜೆ ಸೇರುವುದೆಂದು ಗೊತ್ತು ಮಾಡಿದ್ದರು. ಸುಲಭಾ ಹಾಡಲೇಬೇಕು ಎಂಬುದು ಎಲ್ಲರ ಹಟ. ಆದರೆ ಅವಳಿಗೆ ಹಾರ್ಮೋನಿಯಂ ಹಿಡಿಯುತ್ತಿದ್ದ ವೆಂಕಟೇಶ ಕಾಕಾ ಮಗಳ ಊರಿಗೆ ಹೋಗಿ ಅಲ್ಲೇ ನೆಲೆಸಿದ್ದರು. ಬೆನ್ನಿಗೆ ಸುರ್ ಇಲ್ಲದೆ ತನ್ನ ಗಂಟಲು ಬಿಚ್ಚುವುದಿಲ್ಲ ಎನ್ನುತ್ತಿದ್ದಳು.

ಹಾಗಾಗಿ ನಾನು ರಂಗಕ್ಕಿಳಿದೆ.

ಇಳಕಲ್ಲಿನಲ್ಲಿ ನನ್ನ ಗೆಳೆಯ ಪ್ರಭು ಇದ್ದಾನೆ. ಮನೆಯಲ್ಲಿ ಪವರ್‌ಲೂಮು, ಮನಸ್ಸಿನಲ್ಲಿ ಆರ್ಕೆಸ್ಟ್ರಾ. ಸೀರೆ ವ್ಯಾಪಾರಕ್ಕೆಂದು ಮುಂಬೈಗೆ ಹೋದಾಗ ಅವನೊಂದು ಡಿಜಿಟಲ್ ಪೆಟ್ಟಿಗೆ ತಂದಿದ್ದ. ನನ್ನ ಪ್ರತಿಜ್ಞೆ ಕೇಳಿ ಅದನ್ನು ಕೆಲವು ದಿನಗಳ ಮಟ್ಟಿಗೆ ಕೊಟ್ಟ. ನೋಡಲು ಊಟದ ಡಬ್ಬಿಯಷ್ಟೇ. ಮೇಲೆ ಕಾಲಿನಿಂದ ಒತ್ತುವ ಎರಡು ಪೆಡಲು, ಒಂದಿಷ್ಟು ತಿರುಗುಗುಂಡಿ, ಕೆಂಪಕ್ಷರ ಮೂಡುವ ಪುಟ್ಟ ಗಾಜು. ಗಿಟಾರನ್ನು ಇದಕ್ಕೆ ಜೋಡಿಸಿದರೆ ಜಗತ್ತಿನ ಹದಿನಾರು ದೊಡ್ಡ ದೊಡ್ಡ ಆಂಪ್ಲಿಫೈಯರುಗಳ ದನಿ ಬರುತ್ತದಂತೆ. ಜೊತೆಗೆ ಗವಿಯ ಮಾರ್ದನಿ, ಬಾವಿಯ ಮಾರ್ದನಿ, ಸಾವಿರ ಜನ ಕೂಡುವ ಮೈದಾನದ ಅಬ್ಬರ, ಎಲ್ಲವೂ ಒಳಗೇ ಇವೆಯಂತೆ. ಕಾಲೇಜಿನಲ್ಲಿ ಗಣಿತ ಕಲಿಸುವ ನಾನು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ. ವಿಶ್ವರೂಪವನ್ನು ಇಷ್ಟು ಸಣ್ಣ ಡಬ್ಬಿಯಲ್ಲಿ ತುಂಬಿ ಮೇಲೆ ಮುಚ್ಚಳ ಹಾಕಿದವನು ಯಾರು?

ಮನೆಗೆ ತಂದು ಜೋಡಿಸಿದೆ. ಹದಿನಾರರಲ್ಲಿ ಒಂದು ದನಿಯೂ ಬರಲಿಲ್ಲ. ಎಲ್ಲ ತಂತಿಗಳನ್ನೂ ಬಿಚ್ಚಿ ಒರೆಸಿದೆ, ಊದಿದೆ, ಗಿಟಾರಿನ ಸ್ಕ್ರೂ ತೆಗೆದೆ. ಒಳಗಿದ್ದದ್ದು ಒಂದು ಸತ್ತ ಜಿರಲೆ ಮಾತ್ರ. ಕೊನೆಗೆ ಗೊತ್ತಾಯಿತು, ದನಿ ಒಳಗೆ ಹೋಗಬೇಕಾದ ತೂತಿಗೆ ಆಂಪ್ಲಿಫೈಯರನ್ನೂ ಹೊರಗೆ ಬರಬೇಕಾದ ತೂತಿಗೆ ಗಿಟಾರನ್ನೂ ಚುಚ್ಚಿದ್ದೆ. ತಪ್ಪು ಬಾಗಿಲು ಬಡಿದು, ತೆರೆಯಲಿಲ್ಲವೆಂದು ಮನೆಯವರನ್ನು ಬೈದಂತಾಗಿತ್ತು.

ಸರಿಪಡಿಸಿದ ಮೇಲೆ ದನಿ ಬಂತು. ಆದರೆ ಗಿಟಾರಿನದಲ್ಲ. ಗುಂಯ್ ಎಂಬ ಒಂದೇ ರಾಗ, ಜೇನುಗೂಡಿಗೆ ಕಲ್ಲು ಹೊಡೆದಂತೆ. ಪೆಟ್ಟಿಗೆಯ ಜೊತೆಗಿದ್ದ ಪುಸ್ತಕದಲ್ಲಿ ಅರ್ಥಿಂಗ್ ನೋಡಿಕೊಳ್ಳಿ ಎಂದಿತ್ತು. ನೋಡಿದರೆ ನಮ್ಮ ಗೋಡೆಯ ಪ್ಲಗ್ಗಿನಲ್ಲಿ ಮೂರನೆಯ ತೂತು ಇತ್ತು, ಅದರ ಹಿಂದೆ ತಂತಿ ಇರಲಿಲ್ಲ. ಬರೀ ಶೋಭೆಗೆ ಇಟ್ಟದ್ದು. ನಾನೇ ಹಿತ್ತಲಲ್ಲಿ ಸೊಂಟದುದ್ದ ತಗ್ಗು ತೋಡಿ, ಅಟ್ಟದ ಮೇಲಿದ್ದ ಸೋರುವ ತಾಮ್ರದ ತಂಬಿಗೆಗೆ ತಂತಿ ಕಟ್ಟಿ, ಇದ್ದಿಲು ಉಪ್ಪು ಸುರಿದು ಹುಗಿದೆ. ಸುಲಭಾ ಒಳಗಿನಿಂದ ಬಂದಳು.

"ಉಪ್ಪಿನಕಾಯಿಗಂತ ಇಟ್ಟಿದ್ದ ಉಪ್ಪು ಎಲ್ಲಿ ಹೋತ್ರಿ?"

"ಹುಗದೇನಿ."

ಅವಳು ತಗ್ಗನ್ನೂ ನನ್ನನ್ನೂ ನೋಡಿದಳು. "ಉಪ್ಪು ಹಾಕಿ ಹುಗೀಲಿಕ್ಕೆ ಯಾರು ಸತ್ತಾರ?"

ನಾನು ವಿದ್ಯುತ್ತಿನ ತತ್ವವನ್ನು ವಿವರಿಸಿದೆ. ಅವಳು ಹೊಸ ಉಪ್ಪು ತರಲು ಚೀಲ ಕೊಟ್ಟಳು.

ಗುಂಯ್ ಅರ್ಧಕ್ಕರ್ಧ ಇಳಿಯಿತು. ಆ ಸಂಜೆ ನಾನು ಗವಿಯ ಮಾರ್ದನಿಗೆ ಗುಂಡಿ ತಿರುಗಿಸಿ ಒಂದೇ ಒಂದು ತಂತಿ ಮೀಟಿದೆ. ಈ ಒಂದು ಕ್ಷಣದ ಬಗ್ಗೆ ನಾನು ಚೇಷ್ಟೆ ಮಾಡಲಾರೆ. ಬಾದಾಮಿಯಲ್ಲಿ ಕೆರೆಯ ಈ ಕಡೆ ನಿಂತು ಕೂಗಿದರೆ ಕೆಂಪು ಬಂಡೆ ಆ ಕೂಗನ್ನು ಸ್ವಲ್ಪ ಹೊತ್ತು ತನ್ನ ಬಳಿ ಇಟ್ಟುಕೊಂಡು, ಮೆತ್ತಗೆ ಮಾಡಿ ಹಿಂದಕ್ಕೆ ಕೊಡುತ್ತದಲ್ಲ, ಹಾಗೆ ಬಂತು ಆ ದನಿ. ನವನಗರದ ನಮ್ಮ ಹತ್ತು ಅಡಿಯ ಪಡಸಾಲೆಯಲ್ಲಿ ಗುಡ್ಡ ಎದ್ದು ನಿಂತಿತು. ಮೂಲೆಯ ಮಂಚದ ಮೇಲೆ ಜಪ ಮಾಡುತ್ತಿದ್ದ ನನ್ನ ತಾಯಿ ಗೌತಮಿಬಾಯಿಯ ಕೈಯಲ್ಲಿ ಮಣಿ ನಿಂತವು. ಸೌಟು ಹಿಡಿದು ಬಂದ ಸುಲಭಾ ಬಾಗಿಲಲ್ಲೇ ನಿಂತಳು.

ಇದೇ ತಕ್ಕ ಸಮಯವೆಂದು ನಾನು ಮೈಕನ್ನು ಪೆಟ್ಟಿಗೆಗೆ ಸಿಕ್ಕಿಸಿ ಅವಳ ಮುಂದೆ ಹಿಡಿದೆ. ಅವಳು ಒಂದು ಸಾಲು ಹಾಡಿದಳು. ಸಾಲು ತಿರುಗಿ ಬಂತು, ಅದರ ಹಿಂದೆ ಅದರ ನೆರಳು, ನೆರಳಿಗೊಂದು ನೆರಳು. ಅವಳು ಬೆಚ್ಚಿ ಮೈಕು ಕೆಳಗಿಟ್ಟಳು.

"ಬ್ಯಾಡ್ರಿ. ನಾ ಹಾಡಿ ಬಿಟ್ಟದ್ದು ಹೊಳ್ಳಿ ನನ್ನ ಕಡೆ ಯಾಕ ಬರಬೇಕು?"

ನಿನಗೆ ಬೇಡವಾದರೆ ನನ್ನ ಗಿಟಾರಿಗಾದರೂ ಇರಲಿ ಎಂದೆ. ಅವಳು ಸೌಟು ಹಿಡಿದು ಒಳಗೆ ಹೋದಳು. ಅದನ್ನು ನಾನು ಒಪ್ಪಿಗೆ ಎಂದು ಬಗೆದೆ. ನಮ್ಮ ದಾಂಪತ್ಯದ ಬಹುಪಾಲು ಒಪ್ಪಂದಗಳು ಆದದ್ದು ಹೀಗೆಯೇ.

ಮರುದಿನ ಹುರುಪಿನಲ್ಲಿ ಎಲ್ಲ ಗುಂಡಿಗಳನ್ನೂ ತುದಿ ಮುಟ್ಟಿಸಿದೆ. ಗಿಟಾರು ಒಮ್ಮೆ ಗಂಟಲು ಸರಿಮಾಡಿಕೊಂಡು ಸ್ವಚ್ಛ ಕನ್ನಡದಲ್ಲಿ ಮಾತಾಡತೊಡಗಿತು: ಬದನೆ ಗಿಡಕ್ಕೆ ಹುಳ ಬಿದ್ದರೆ ಮೊದಲು ರೋಗದ ಟೊಂಗೆ ಕತ್ತರಿಸಬೇಕು. ನಾನು ಗಿಟಾರನ್ನು ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದೆ. ಆಮೇಲೆ ಹೊಳೆಯಿತು, ಅದು ಧಾರವಾಡ ರೇಡಿಯೋ. ನನ್ನ ಉದ್ದನೆಯ ತಂತಿ ಏರಿಯಲ್ ಆಗಿ ಗಾಳಿಯಲ್ಲಿದ್ದ ಕೃಷಿರಂಗವನ್ನು ಹಿಡಿದು ಎಳೆದುಕೊಂಡಿತ್ತು. ಅವ್ವ ಮಾತ್ರ ಭಕ್ತಿಯಿಂದ ಕೈಮುಗಿದು ಕೇಳುತ್ತಿದ್ದಳು.

ಇಳಕಲ್ಲಿಗೆ ಫೋನು ಮಾಡಿದೆ. ಆ ಕಡೆ ಪವರ್‌ಲೂಮುಗಳ ಖಟ್ ಖಟ್ ನಡುವೆ ಪ್ರಭು ಕೂಗಿದ: "ಗೇನ್ ಇಳಸಲೇ, ಗೇನ್!" ಗೇನ್ ಎಂದರೆ ದನಿಯ ಬಲ ಏರಿಸುವ ಗುಂಡಿ. ನನಗೆ ಕೇಳಿಸಿದ್ದು ಗೇಣು. ಟ್ರಂಕಿನ ಮೇಲಿದ್ದ ಆಂಪ್ಲಿಫೈಯರನ್ನು ಸರಿಯಾಗಿ ಅಳೆದು ಒಂದು ಗೇಣು ಇಳಿಸಿ ಸ್ಟೂಲಿನ ಮೇಲಿಟ್ಟೆ. ರೇಡಿಯೋ ಹೋಗಲಿಲ್ಲ, ಅವ್ವನ ಕಿವಿಗೆ ಇನ್ನಷ್ಟು ಹತ್ತಿರವಾಯಿತು.

"ಹಾಂ, ಈಗ ಚೊಲೋ ಕೇಳಸ್ತದ," ಎಂದಳು ಅವ್ವ. "ಸತ್ಯಾ, ನೀ ನುಡಸೂದಕ್ಕಿಂತ ಇದನ್ನಽ ಇಡಪಾ."

ಸಭೆಯ ಸಂಜೆ ಬಂತು. ಅಷ್ಟರಲ್ಲಿ ಗೇನು ಯಾವುದು ಗೇಣು ಯಾವುದು ಎಂದು ತಿಳಿದು ನಾನು ಪೂರ್ಣ ಪಂಡಿತನಾಗಿದ್ದೆ. ಭವನ ತುಂಬಿತ್ತು. ನಮ್ಮ ಓಣಿಯ ತುದಿಯಲ್ಲಿ ಹೂ ಮಾರುತ್ತಿದ್ದ ದುರಗವ್ವ ಮುಂದಿನ ಸಾಲಿನಲ್ಲಿ ಕೂತಿದ್ದಳು, ಮಡಿಲಲ್ಲಿ ತಾಳ. ವೇದಿಕೆಯ ಜಮಖಾನೆಯ ಮೇಲೆ ಸುಲಭಾ, ಪಕ್ಕದಲ್ಲಿ ನಾನು, ನಡುವೆ ಪೆಟ್ಟಿಗೆ. ಗಿಟಾರಿನ ದನಿ ಪೆಟ್ಟಿಗೆಯಿಂದ ನೇರವಾಗಿ ಭವನದ ದೊಡ್ಡ ಸ್ಪೀಕರುಗಳಿಗೆ ಹೋಗುವಂತೆ ಜೋಡಿಸಿದ್ದೆ; ಸುಲಭಾಳ ಮೈಕು ಭವನದ್ದೇ, ಬೇರೆ. ಸುಲಭಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ನಾನಿದ್ದೇನೆ, ಹೆದರಬೇಡ ಎಂದು ಕಣ್ಣಿನಲ್ಲೇ ಹೇಳಿದೆ. ಅವಳ ಹೆದರಿಕೆ ಇನ್ನಷ್ಟು ಹೆಚ್ಚಿದಂತೆ ಕಂಡಿತು.

ಮೊದಲ ಹಾಡು ಶುರುವಾಯಿತು. ಭವನದ ಟ್ಯೂಬ್‌ಲೈಟುಗಳೂ ಫ್ಯಾನುಗಳೂ ಸೇರಿ ನನ್ನ ಹಳೆಯ ಗುಂಯ್ ಅನ್ನು ಹತ್ತು ಪಟ್ಟು ಮಾಡಿ ಸ್ಪೀಕರಿನಲ್ಲಿ ಕಳಿಸಿದವು. ಇಲ್ಲಿ ಹುಗಿಯಲು ತಂಬಿಗೆಯೂ ಇರಲಿಲ್ಲ, ಹಿತ್ತಲೂ ಇರಲಿಲ್ಲ. ಮೆದು ದನಿಗೆ ಬದಲಿಸೋಣವೆಂದು ಕಾಲು ಚಾಚಿ ಪೆಡಲು ಒತ್ತಿದೆ. ತಪ್ಪು ಪೆಡಲು. ಸಾವಿರ ಜನರ ಮೈದಾನ ಬಾಯಿ ತೆರೆಯಿತು. ನನ್ನ ಒಂದು ಮೀಟಿಗೆ ಲಾರಿ ಬ್ರೇಕು ಹಾಕಿದಂಥ ಕಿರುಚು ಎದ್ದು ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು. ಸುಲಭಾ ಚರಣದ ನಡುವೆ ತಡವರಿಸಿ ನಿಂತಳು. ಮತ್ತೆ ಹಿಡಿದಳು, ಮತ್ತೆ ಎಡವಿದಳು. ಹೇಗೋ ಹಾಡು ಮುಗಿಯಿತು. ಬಿದ್ದ ಚಪ್ಪಾಳೆ ಮುಗಿಯಿತಲ್ಲ ಎಂಬ ಸಮಾಧಾನದ್ದು. ಅವಳ ಮುಖ ನೋಡಿ ನನಗೆ ಮೊದಲ ಸಲ ಭಯವಾಯಿತು. ಅವಳು ಇಲ್ಲಿಂದ ಎದ್ದು ಹೋದರೆ ಮತ್ತೆ ಯಾವತ್ತೂ ಹಾಡಲಿಕ್ಕಿಲ್ಲ ಅನ್ನಿಸಿತು.

ಅವಳು ಏಳಲಿಲ್ಲ. ಮುಂದೆ ಸರಿದು ನೀರಿನ ಲೋಟ ತೆಗೆದುಕೊಂಡಳು, ಕುಡಿದಳು, ಸೆರಗು ಸರಿಮಾಡಿಕೊಂಡು ಕೂತಳು. ಇಳಕಲ್ ಸೀರೆಯ ಆ ದೊಡ್ಡ ಸೆರಗು ಪೆಟ್ಟಿಗೆಯ ಮೇಲೂ ಹರಡಿತು. ಅಷ್ಟರಲ್ಲಿ, ಆಶ್ಚರ್ಯ, ಗುಂಯ್ ನಿಂತುಹೋಗಿತ್ತು! ನನ್ನ ಗುಂಡಿ ತಿರುವಾಟ ಕೊನೆಗೂ ಫಲಿಸಿತೆಂದು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡೆ.

ಎರಡನೆಯ ಹಾಡನ್ನು ಅವಳು ಕಣ್ಣು ಮುಚ್ಚಿ, ಬಹಳ ತಗ್ಗಿನಿಂದ ಎತ್ತಿಕೊಂಡಳು. ನಾನೂ ಜೊತೆಗೆ ಮೀಟತೊಡಗಿದೆ. ಸ್ಪೀಕರುಗಳೆಲ್ಲ ಸಭೆಯ ಕಡೆ ಮುಖ ಮಾಡಿದ್ದರಿಂದ ನನಗೆ ಕೇಳುತ್ತಿದ್ದದ್ದು ತಂತಿಯ ಸಣ್ಣ ಟಿಣ್ ಟಿಣ್ ಮಾತ್ರ. ಅಲ್ಲಿ ಅಮೃತ ಸುರಿಯುತ್ತಿರಬೇಕು ಎಂದುಕೊಂಡೆ. ಸುರಿಯುತ್ತಲೂ ಇತ್ತು. ದುರಗವ್ವ ಮಡಿಲಿನ ತಾಳ ಎತ್ತಿ ಮೆಲ್ಲಗೆ ಹಾಕತೊಡಗಿದಳು. ಎರಡನೆಯ ಚರಣಕ್ಕೆ ಅಲ್ಲೊಬ್ಬರು ಇಲ್ಲೊಬ್ಬರು ತುಟಿ ಆಡಿಸಿದರು, ಪಲ್ಲವಿಗೆ ದನಿ ಸೇರಿಸಿದರು. ಸುಲಭಾಳ ದನಿ ಅವರೆಲ್ಲರ ಮೇಲೆ ಎದ್ದು, ಹಿಂದಿನ ಗೋಡೆಗೆ ತಾಗಿ, ಅಲ್ಲಿಂದ ಚಾವಣಿಗೆ ಏರಿತು. ನೀರಿನ ಕೆಳಗೆ ಹೋದ ಆ ಗುಡಿಕಟ್ಟೆ, ಆ ಓಣಿ, ಸಂಜೆಯ ಅಡಿಗೆ ಹೊಗೆ, ಎಲ್ಲ ಅಲ್ಲಿಗೆ ಬಂದು ಕೂತವು. ಇಷ್ಟು ವರ್ಷ ಮನೆಯಲ್ಲಿ ನನಗೆ ಸಾರು ಬಡಿಸಿದ್ದು ಈ ದನಿಯೇ? ನಾನು ಬಾಯಿ ತೆರೆದು ನೋಡುತ್ತಾ ಮೀಟುವುದನ್ನೇ ಮರೆತೆ. ಕೈ ನಿಂತರೂ ಹಾಡಿಗೆ ಏನೂ ಕೊರತೆಯಾಗಲಿಲ್ಲ. ಪೆಟ್ಟಿಗೆಯ ಮಾರ್ದನಿಯೇ ನಿಭಾಯಿಸುತ್ತಿದೆ, ಎಂಥ ಯಂತ್ರ ಎಂದುಕೊಂಡೆ.

ಮುಗಿದಾಗ ಚಪ್ಪಾಳೆ ಒಮ್ಮೆಗೇ ಬೀಳಲಿಲ್ಲ. ಮೊದಲು ಮೂಗು ಒರೆಸಿಕೊಳ್ಳುವ ಸದ್ದು, ಆಮೇಲೆ ಚಪ್ಪಾಳೆ. ಇನ್ನೊಂದು, ಇನ್ನೊಂದು ಎಂದು ಅವಳಿಂದ ಹಾಡಿಸುತ್ತಲೇ ಹೋದರು. ಒಂದರಲ್ಲೂ ಅವಳು ಎಡವಲಿಲ್ಲ.

ಸಭೆ ಚೆದುರುವಾಗ ನಮ್ಮ ಓಣಿಯ ಶಾಲೆಯಲ್ಲಿ ಕಲಿಸುತ್ತಿದ್ದ ಹುಲ್ಲಪ್ಪ ಮಾಸ್ತರರು ವೇದಿಕೆ ಹತ್ತಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

"ಮದಲನೇ ಹಾಡಿಗೆ ನಿಮ್ಮ ಗಿಟಾರ ಕೇಳಿ ಎದ್ದು ಹೋಗೂಣು ಅಂದಿದ್ದೆ ನೋಡ್ರಿ ಸರ. ಆದ್ರ ಆಮ್ಯಾಲೆ ನುಡಿಸಿದ್ರಲ್ಲಾ, ಭಾಳ ಛಲೋ. ಒಂದ್ ಕಡೀನೂ ಅಡ್ಡ ಬರಲಿಲ್ಲ. ನುಡಸಾಕ ಹತ್ತೀರಿ ಅನ್ನೂದೂ ಗೊತ್ತಾಗಲಿಲ್ಲ. ಸಾಧನಾ ಅಂದ್ರ ಅದು."

ನಾನು ವಿನಯದಿಂದ ತಲೆ ಬಾಗಿಸಿದೆ. ಸುಲಭಾ ಸೆರಗು ಎಳೆದುಕೊಂಡು ಎದ್ದು ಹೆಂಗಸರ ನಡುವೆ ಹೋದಳು. ತಂತಿ ಸುತ್ತಲು ಬಗ್ಗಿದಾಗ ಪೆಟ್ಟಿಗೆಯ ಗಾಜು ಕಣ್ಣಿಗೆ ಬಿತ್ತು. ಅಲ್ಲಿ ಹದಿನಾರು ದನಿಗಳ ಯಾವ ಸಂಖ್ಯೆಯೂ ಇರಲಿಲ್ಲ. ಬರೀ ಎರಡು ಸಣ್ಣ ಗೆರೆ ಮಿನುಗುತ್ತಿದ್ದವು. ಅದು ಶ್ರುತಿ ಕೂಡಿಸುವ ಸ್ಥಿತಿ. ತಂತಿ ಬಿಗಿ ಮಾಡುವಾಗ ಕೇಳುವವರಿಗೆ ಉಪದ್ರವ ಆಗಬಾರದೆಂದು ಆ ಸ್ಥಿತಿಯಲ್ಲಿ ಪೆಟ್ಟಿಗೆ ಒಂದೇ ಒಂದು ಹನಿ ದನಿಯನ್ನೂ ಹೊರಗೆ ಬಿಡುವುದಿಲ್ಲ. ಎರಡೂ ಪೆಡಲುಗಳನ್ನು ಒಟ್ಟಿಗೆ ಒತ್ತಿ ಹಿಡಿದರೆ ಮಾತ್ರ ಅಲ್ಲಿಗೆ ಹೋಗುತ್ತದೆ. ಅಂದರೆ ಎರಡನೆಯ ಹಾಡಿನಿಂದ ಕೊನೆಯ ಮಂಗಳದವರೆಗೆ ನಾನು ನುಡಿಸಿದ್ದು ನನ್ನೊಬ್ಬನಿಗೆ.

ನವನಗರಕ್ಕೆ ಟಂಟಂ ಆಟೋ ಹತ್ತಿ ಕೂತ ಮೇಲೆ, ಧೈರ್ಯ ಕೂಡಿಸಿಕೊಂಡು ಸುಲಭಾಳ ಮುಂದೆ ಎಲ್ಲ ಹೇಳಿಕೊಂಡೆ. ಗಾಬರಿಯಲ್ಲಿ ನನ್ನ ಕಾಲೇ ಎರಡೂ ಪೆಡಲುಗಳ ಮೇಲೆ ಬಿದ್ದಿರಬೇಕು, ಕ್ಷಮಿಸು, ನಿನ್ನನ್ನು ನಡುನೀರಿನಲ್ಲಿ ಕೈಬಿಟ್ಟೆ ಎಂದೆ.

"ನಿಮ್ಮ ಕಾಲಲ್ಲರಿ," ಎಂದಳು ಅವಳು, ಮುಡಿಯ ಹೂ ಸರಿಮಾಡಿಕೊಳ್ಳುತ್ತಾ. "ನಂದು. ನೀರ ತಗೋಳಿಕ್ಕೆ ಮುಂದ ಸರದೆನಲ್ಲ, ಆವಾಗ ಒತ್ತಿ ಹಿಡದೆ. ಎರಡೂ ಕೂಡೇ ಒತ್ತಿದ್ರ ಸುಮ್ಮನಾಗ್ತದ ಅಂತ ನೀವಽ ದಿನಾ ಹೇಳ್ತಿದ್ರಲ್ಲ."

ನಾನು ಮಡಿಲಲ್ಲಿದ್ದ ಪೆಟ್ಟಿಗೆಯ ತಂತಿಯನ್ನು ಮತ್ತೊಮ್ಮೆ ಸುತ್ತಿದೆ. ಆಮೇಲೆ, ಮುಂದಿನ ಸಲ ಕರೆದರೆ ಒಬ್ಬಳೇ ಹೋಗುತ್ತೀಯಾ ಎಂದು ಕೇಳಿದೆ.

"ಯಾಕ? ನೀವೂ ಬರ್ರಿ. ನೀವು ಬಾಜೂಕ ಕೂತ್ರ ನನಗ ಧೈರ್ಯ," ಎಂದಳು. "ಪೆಟ್ಟಿಗಿ ಮಾತ್ರ ನನ್ನ ಕಾಲ ಕಡೆ ಇಡ್ರಿ."